ನೆಲ್ಡಕ್ಕನ ಹಸಿರು ಬೆಲ್ಟು

ಕಟ್ಲರ್ಸ್ ಗ್ಯಾಪ್ ಊರಿನ ಕೆಮ್ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ ಗಂಡಸರು ಹೆದರುತ್ತಿದ್ದದ್ದು ಮೂರೇ ಮೂರಕ್ಕೆ: ಸಿಪ್ಪೆಯಿರುವ ಕಡಲೆಕಾಯಿಗೆ, ಹಸಿರು ಬಣ್ಣಕ್ಕೆ, ಆಮೇಲೆ ನೆಲ್ಡಾ ಪ್ರೂಯಿಟ್‌ಳ ಕತ್ತರಿಗೆ. ಗೋಡೆಗೆ ಹೆದರುತ್ತಿರಲಿಲ್ಲ. ಗಂಟೆಗೆ ತೊಂಬತ್ತು ಮೈಲಿ ವೇಗದಲ್ಲಿ ಕಾಂಕ್ರೀಟ್ ಗೋಡೆಯನ್ನು ಸವರಿಕೊಂಡು ಹೋಗುವ ಭೂಪರು, ಕಾರು ಸಜ್ಜುಮಾಡುವ ಪಿಟ್ಟಿನೊಳಗೆ ಯಾರಾದರೂ ಕಡಲೆಕಾಯಿ ಸುಲಿದ ಸದ್ದು ಕೇಳಿಸಿದರೆ ಹೆಲ್ಮೆಟ್ಟು ಕೆಳಗಿಟ್ಟು ಮನೆಗೆ ಹೊರಟುಬಿಡುತ್ತಿದ್ದರು. ಅಪಶಕುನವಂತೆ. ತಲೆ ಗಟ್ಟಿ ಎಂದು ಬಂಡೆಗೆ ಹಾಯುವವರಿಗೆ ಬಂಡೆಯ ಭಯವಿರುವುದಿಲ್ಲ, ಬೆಕ್ಕು ಅಡ್ಡ ಬಂದರೆ ಮಾತ್ರ ಎದೆ ನಡುಗುತ್ತದೆ.

ನೆಲ್ಡಾಳಿಗೆ ಅರವತ್ತೊಂದು ವರ್ಷ. ವಾರವೆಲ್ಲ ಪೇಟೆಬೀದಿಯ ತನ್ನ ಅಂಗಡಿಯಲ್ಲಿ ಸೋಫಾಗಳಿಗೆ, ಹಳೇ ಕಾರುಗಳ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದಳು. ಶನಿವಾರ ಬೆಳಿಗ್ಗೆ ಟ್ರ್ಯಾಕಿನ ಗೇಟಿನಲ್ಲಿ ಸ್ಟೂಲು ಹಾಕಿಕೊಂಡು, ಕೊರಳಿಗೆ ಭೂತಗನ್ನಡಿ ತೂಗುಹಾಕಿಕೊಂಡು, ತೊಡೆಯ ಮೇಲೆ ದೊಡ್ಡ ಕತ್ತರಿ ಇಟ್ಟುಕೊಂಡು ಕೂತಳೆಂದರೆ ಒಳಗೆ ಹೋಗುವ ಪ್ರತಿಯೊಂದು ಕಾರೂ ಅವಳೆದುರು ನಿಲ್ಲಬೇಕು. ಚಾಲಕನನ್ನು ಸೀಟಿಗೆ ಕಟ್ಟಿಹಾಕುವುದು ಐದು ಪಟ್ಟಿಗಳ ಬೆಲ್ಟು: ಹೆಗಲಿಗೆರಡು, ಸೊಂಟಕ್ಕೆರಡು, ತೊಡೆಸಂದಿಯಲ್ಲಿ ಒಂದು. ಅದರ ಮೂಲೆಯಲ್ಲಿ ಬೆರಳುಗುರಿನಷ್ಟು ಚೀಟಿ, ಚೀಟಿಯ ಮೇಲೆ ತಯಾರಾದ ತಿಂಗಳು, ವರ್ಷ. ಅಲ್ಲಿಂದ ಎರಡು ವರ್ಷ ಬೆಲ್ಟಿನ ಆಯಸ್ಸು. ಒಂದು ದಿನ ಹೆಚ್ಚಾಗಿದ್ದರೂ ನೆಲ್ಡಾ ಮಾತಾಡುತ್ತಿರಲಿಲ್ಲ, ಕತ್ತರಿ ಮಾತಾಡುತ್ತಿತ್ತು.

"ನೆಲ್ಡಕ್ಕ, ಇದನ್ನ ನಾನು ಹಾಕ್ಕೊಂಡಿರೋದೇ ಮೂರು ಸಲ. ಹೊಸಾದು ಇದ್ದಂಗೇ ಇದೆ ನೋಡಿ."

"ಹಾಲಿನ ಬಾಟ್ಲಿ ಮುಚ್ಚಳ ತೆಗೀದೇ ಇಟ್ರೆ ಹಾಲು ಹಳಸಲ್ವೇನಪ್ಪ?" ಕಚಕ್.

"ಚೀಟಿ ಇತ್ತು ನೆಲ್ಡಕ್ಕ, ದೇವರಾಣೆ. ನಮ್ಮ ನಾಯಿ ತಿಂದ್ಬಿಡ್ತು."

"ಹಂಗಾದ್ರೆ ನಾಯೀನ ಕರ್ಕೊಂಡ್ ಬಾ. ತಾರೀಖು ಅದರ ಬಾಯಲ್ಲೇ ಕೇಳ್ತೀನಿ." ಕಚಕ್.

ಹಿಂದಿನಿಂದ ಬೈದುಕೊಳ್ಳುವವರಿದ್ದರು, ಮುಖದೆದುರು ಬೈದವರು ಯಾರೂ ಇಲ್ಲ. ಏಕೆಂದರೆ ಆ ಸ್ಟೂಲು ಅಲ್ಲಿಗೆ ಹೇಗೆ ಬಂತು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮೂವತ್ತನಾಲ್ಕು ವರ್ಷಗಳ ಹಿಂದೆ ಅವಳ ತಮ್ಮ ಗಾರ್ಲೆಂಡ್ ಮೂರನೇ ತಿರುವಿನಲ್ಲಿ ಗೋಡೆಗೆ ಬಡಿದಿದ್ದ. ದೊಡ್ಡ ಏಟೇನಲ್ಲ, ಅಂಥದ್ದು ವಾರಕ್ಕೊಂದು ಆಗುತ್ತಿತ್ತು. ಆದರೆ ಅವನ ಬೆಲ್ಟು ಆರು ವರ್ಷ ಬಿಸಿಲು, ಬೆವರು, ಕೆಸರು ಕುಡಿದದ್ದು, ಕಿತ್ತುಹೋಯಿತು.

ಕಾರಿನ ಎಡಗಡೆ, ಚಾಲಕನ ಪಕ್ಕದ ಕಿಟಕಿಗೆ ಗಾಜಿರುವುದಿಲ್ಲ, ಬಲೆ ಇರುತ್ತದೆ. ಏಟು ಬಿದ್ದು ಕಾರು ನಿಂತ ಮೇಲೆ ಚಾಲಕ ಮಾಡಬೇಕಾದ ಮೊದಲ ಕೆಲಸ ಆ ಬಲೆಯನ್ನು ಇಳಿಸುವುದು. ಕಾಲು ಮುರಿದಿದ್ದರೂ ಮೊದಲು ಬಲೆ, ಆಮೇಲೆ ಕಾಲು. ಬಲೆ ಇಳಿಯಿತೆಂದರೆ 'ಬದುಕಿದ್ದೇನೆ, ಗಾಬರಿ ಬೇಡ' ಎಂದರ್ಥ. ಅದಕ್ಕೇ ಕಾರು ಬಡಿದ ಕ್ಷಣ ಇಡೀ ಟ್ರ್ಯಾಕಿನ ಕಣ್ಣು ಹೊಗೆಯನ್ನು ನೋಡುವುದಿಲ್ಲ, ಬಲೆಯನ್ನು ನೋಡುತ್ತದೆ. ಆ ದಿನ ಗಾರ್ಲೆಂಡನ ಬಲೆ ಇಳಿಯಲಿಲ್ಲ. ಇಪ್ಪತ್ತೇಳರ ನೆಲ್ಡಾ ಬೇಲಿಯ ತಂತಿ ಹಿಡಿದು ಅದನ್ನೇ ನೋಡುತ್ತ ನಿಂತಿದ್ದಳು. ಅಳುವುದೆಲ್ಲ ಮುಗಿದ ಮೇಲೆ, ಒಂದು ಶನಿವಾರ ಮನೆಯ ಸ್ಟೂಲು ತಂದು ಗೇಟಿನಲ್ಲಿ ಕೂತಳು. ಕೂರು ಎಂದು ಯಾರೂ ಹೇಳಿರಲಿಲ್ಲ, ಏಳು ಎನ್ನುವ ಧೈರ್ಯ ಇಂದಿನವರೆಗೂ ಯಾರಿಗೂ ಬಂದಿಲ್ಲ.

ಇಂಥವಳ ಗಂಡ ಓಡೆಲ್. ಗಾರ್ಲೆಂಡನ ಜೀವದ ಗೆಳೆಯ. ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದ, ಅದೂ ಎಷ್ಟು ನಿಧಾನವೆಂದರೆ ಹಿಂದಿನ ಬೆಂಚಿನ ಹುಡುಗರು ಮನೆ ತಲುಪುವಷ್ಟರಲ್ಲಿ ಹೋಂವರ್ಕ್ ಮುಗಿಸಿರುತ್ತಿದ್ದರು. ಶನಿವಾರ ಹದಿನಾಲ್ಕನೇ ನಂಬರಿನ ಕಾರು ಹತ್ತಿದನೆಂದರೆ ಅವನೇ ಬೇರೆ. ಮೂವತ್ತೆಂಟು ವರ್ಷ ಓಡಿಸಿ ಗೆದ್ದದ್ದು ನಾಲ್ಕು ಸಲ. ಐದನೆಯದು ಬರುವ ಶನಿವಾರ ಗ್ಯಾರಂಟಿ ಎಂದು ಪ್ರತೀ ಶುಕ್ರವಾರ ಹೇಳುತ್ತಿದ್ದ.

ಹಸಿರೆಂದರೆ ಅವನಿಗೆ ಆಗದು. ರೇಸಿನ ದಿನ ತಟ್ಟೆಯಲ್ಲಿ ಸೊಪ್ಪಾಗಲಿ ಉಪ್ಪಿನಲ್ಲಿಟ್ಟ ಸೌತೆಯಾಗಲಿ ಇರಕೂಡದು. ಜಗಲಿಯ ಮೇಲಿನ ನೆಲ್ಡಾಳ ಹಸಿರು ಕುರ್ಚಿಯನ್ನು ಶನಿವಾರ ಬೆಳಿಗ್ಗೆ ಗೋಡೆಯ ಕಡೆಗೆ ತಿರುಗಿಸಿಟ್ಟೇ ಹೊರಡುತ್ತಿದ್ದ. ಅವನ ಮೆಕ್ಯಾನಿಕ್ಕು, ಗುಡಾಣದಂಥ ಹೊಟ್ಟೆಯ ಟಿಂಕ್, ಒಮ್ಮೆ ಕೇಳಿದ್ದ: "ಅಲ್ಲಾ ಗುರು, ಅಂಗಳದ ತುಂಬಾ ಹುಲ್ಲಿದೆಯಲ್ಲ, ಅದಕ್ಕೇನ್ ಮಾಡ್ತೀಯ?"

"ಹುಲ್ಲಿಗೆ ಬಣ್ಣ ಬಳಿದೋನು ದೇವರು. ಅವನಿಗೆ ಮಾಫಿ. ಕಾರಿಗೆ ಹಸಿರು ಬಳಿಯೋನು ಮನುಷ್ಯ, ಅವನಿಗೆ ಬುದ್ಧಿ ಬೇಡ್ವಾ?"

ನೆಲ್ಡಾಳಿಗೆ ಇದೆಲ್ಲ ನಗು ತರಿಸುತ್ತಿತ್ತು, ಆ ವರ್ಷದ ಸೆಪ್ಟೆಂಬರ್ ಬರುವವರೆಗೆ. ಆ ತಿಂಗಳ ಕೊನೆಗೆ ಓಡೆಲ್‌ನ ಬೆಲ್ಟಿನ ಆಯಸ್ಸು ಮುಗಿಯಿತು. ಅಕ್ಟೋಬರಿನ ಮೊದಲ ಶನಿವಾರ ಋತುವಿನ ಕೊನೆಯ ರೇಸು, ಗಾರ್ಲೆಂಡನ ಹೆಸರಿನಲ್ಲೇ ನಡೆಯುವುದು, ಓಡೆಲ್ ಒಂದು ವರ್ಷವೂ ತಪ್ಪಿಸದ್ದು. ಅವಳು ಆಗಸ್ಟಿನಲ್ಲೇ ಕಪ್ಪು ಬೆಲ್ಟಿಗೆ ಬರೆದು ಹಾಕಿದ್ದಳು. ಸೋಮವಾರ ಪೆಟ್ಟಿಗೆ ಬಂತು. ಬಿಚ್ಚಿದರೆ ಗಿಳಿಹಸಿರು. ಕಳಿಸಿದ ಕಂಪನಿಗೆ ಫೋನು ಮಾಡಿದಳು. ಕಪ್ಪು ಮುಗಿದಿದೆ, ನೀಲಿ ಮುಗಿದಿದೆ, ಕೆಂಪು ನವೆಂಬರಿಗೆ, ಹಸಿರನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದೊಂದೇ ಉಳಿದಿದೆ ಎಂದರು. ಹುಡುಕಿ ನೋಡಿದರೆ ಸುತ್ತಲಿನ ನಾಲ್ಕು ಜಿಲ್ಲೆಗಳಲ್ಲೂ ಅದೇ ಕತೆ.

ಓಡೆಲ್ ಪೆಟ್ಟಿಗೆಯೊಳಗೆ ಇಣುಕಿದವನು ಹಾವು ಕಂಡಂತೆ ಹಿಂದೆ ಸರಿದ.

"ಇದನ್ನ ಮನೆಯಿಂದ ಆಚೆ ಇಡು."

"ಓಡೆಲ್, ಬೆಲ್ಟು ನಿನ್ನ ಎದೆ ಹಿಡ್ಕೊಳ್ಳೋಕಿರೋದು. ಅದು ಹಸಿರೋ ಹಳದಿಯೋ ಎದೆಗೇನ್ ಗೊತ್ತಾಗುತ್ತೆ?"

"ಎದೆಗೆ ಗೊತ್ತಾಗಲ್ಲ. ಕಾರಿಗೆ ಗೊತ್ತಾಗುತ್ತೆ. ಹಳೇದರಲ್ಲೇ ಓಡಿಸ್ತೀನಿ. ನಾಲ್ಕು ದಿನ ಆಚೀಚೆಗೆ ಏನು ಪ್ರಳಯ ಆಗಲ್ಲ."

"ನನ್ನ ಗೇಟಲ್ಲಿ ಬಿಡಲ್ಲ."

"ಬಿಡಬೇಡ ಮಾರಾಯ್ತಿ. ಅವತ್ತೇ ಪೋಸಮ್ ಕ್ರೀಕಲ್ಲೂ ರೇಸಿದೆ. ಅಲ್ಲಿ ಗೇಟಲ್ಲಿರೋನಿಗೆ ತಾರೀಖು ಓದೋದಿರಲಿ, ಓದೋಕೇ ಬರಲ್ಲ."

ಇದು ಬರೀ ಬೆದರಿಕೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಏಟು ಬಿದ್ದಾಗ ಕುತ್ತಿಗೆ ಉಳುಕದಂತೆ ಕಟ್ಟುವ ಪಟ್ಟಿಯನ್ನು ಹಾಕಿಕೊಳ್ಳಲು ಅವನನ್ನು ಒಪ್ಪಿಸುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಈಗ ಇದ್ದದ್ದು ನಾಲ್ಕು ದಿನ. ಗಂಡನನ್ನು ತಡೆದರೆ ಆಯಸ್ಸು ಮುಗಿದ ಬೆಲ್ಟು ಕಟ್ಟಿಕೊಂಡು ಇನ್ನೊಂದೂರಿನ ಗೋಡೆಗೆ ಹೋಗುತ್ತಾನೆ, ಬಿಟ್ಟರೆ ತನ್ನ ಗೋಡೆಗೇ ಬರುತ್ತಾನೆ. ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಅಂಗಡಿಯ ಮೂಲೆಯಲ್ಲಿ ಮಡಿಸಿಟ್ಟಿದ್ದ ಕಪ್ಪು ಬಟ್ಟೆಯ ಮೇಲೆ ಕಣ್ಣು ಬಿತ್ತು.

ಅದು ಮಾಸ್ಲಿಯವರದ್ದು. ಊರಿನಲ್ಲಿ ಯಾರೇ ಸತ್ತರೂ ಪೆಟ್ಟಿಗೆಯಿಂದ ಹಿಡಿದು ಗುಂಡಿಯವರೆಗೆ ನೋಡಿಕೊಳ್ಳುವ ಮನೆತನ. ಅವರ ಹೆಣದ ಕಾರಿನ ಕಿಟಕಿಗಳಿಗೆ ಪರದೆ ಹೊಲಿದ ಮೇಲೆ ಉಳಿದ ತುಂಡು. ನೆಲ್ಡಾ ಬಾಗಿಲು ಹಾಕಿಕೊಂಡು, ಹಸಿರು ಬೆಲ್ಟಿನ ಐದೂ ಪಟ್ಟಿಗಳಿಗೆ ದಿಂಬಿಗೆ ಗೌಸು ಹೊಲಿದಂತೆ ಕಪ್ಪು ತೋಳು ಹೊಲಿದಳು. ಬಕ್ಕಲ್ಲಿಗೆ ಸಿಕ್ಕಿಕೊಳ್ಳದಂತೆ ತುದಿಗಳನ್ನು ಮೋಟು ಮಾಡಿ, ನೂರು ಸಲ ಎಳೆದು, ಬಿಗಿದು, ಬಿಚ್ಚಿ ನೋಡಿದಳು. ತಾರೀಖಿನ ಚೀಟಿಯನ್ನು ಮಾತ್ರ ಹೊರಗೆ ಬಿಟ್ಟಳು. ಅದನ್ನು ಮುಚ್ಚಲು ಅವಳ ಕೈ ಬರಲಿಲ್ಲ. ಅವಸರದಲ್ಲಿ ಹಾಕಿದ್ದು ದೂರದೂರದ ಟಾಕು ಹೊಲಿಗೆ. ಬೇರೆ ಯಾರಾದರೂ ಹಾಗೆ ಹೊಲಿದಿದ್ದರೆ ಅಂಗಡಿಯಿಂದ ಓಡಿಸುತ್ತಿದ್ದಳು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಾಗ ಹೊಲಿಗೆಯ ಅಂದ ಯಾರು ನೋಡುತ್ತಾರೆ?

ಶುಕ್ರವಾರ ಅದನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು "ನೋಡು" ಎಂದಳು. ಓಡೆಲ್ ನೋಡಿದ. "ಅಂತೂ ಕರೀದು ಸಿಕ್ತಲ್ಲ! ನಾನ್ ಹೇಳ್ಲಿಲ್ವಾ, ಗಟ್ಟಿಯಾಗಿ ಕೇಳಿದ್ರೆ ಕೊಡ್ತಾರೆ ಅಂತ!" ಎಂದು ಅವಳ ಕೆನ್ನೆಗೊಂದು ಮುತ್ತು ಕೊಟ್ಟು ಗ್ಯಾರೇಜಿಗೆ ಒಯ್ದ. ಅವಳು ಸುಳ್ಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ಈ ಎರಡರ ನಡುವೆ ಎಷ್ಟು ಅಂತರವಿದೆ ಎಂದು ಪಾಸ್ಟರ್ ಪರ್ವಿಸರನ್ನು ಕೇಳೋಣವೆನ್ನಿಸಿತು, ಆದರೆ ಅವರಿಗೆ ಹೇಳಿದರೆ ಧ್ವನಿವರ್ಧಕಕ್ಕೆ ಹೇಳಿದಂತೆಯೇ. ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುವವರೂ ಅವರೇ, ಶನಿವಾರ ರೇಸಿನ ವಿವರಣೆ ಕೊಡುವವರೂ ಅವರೇ.

ಮರುದಿನ ಗೇಟಿನಲ್ಲಿ ಹದಿನಾಲ್ಕನೇ ನಂಬರಿನ ಕಾರು ಅವಳೆದುರು ನಿಂತಾಗ ಭೂತಗನ್ನಡಿಯನ್ನು ಎರಡೆರಡು ಸಲ ಒರೆಸಿಕೊಂಡಳು. ಹಿಂದೆ ಸಾಲಿನಲ್ಲಿ ನಿಂತ ಹದಿನೇಳು ಜನ ನೋಡುತ್ತಿದ್ದರು. ಗಂಡನಿಗೊಂದು ನ್ಯಾಯ ಊರಿಗೊಂದು ನ್ಯಾಯ ಮಾಡುತ್ತಾಳೋ ಎಂದು ಅವರು ವರ್ಷಗಟ್ಟಲೆ ಕಾದಿದ್ದರು. ಅವಳು ಚೀಟಿ ಓದಿದಳು: ಇದೇ ವರ್ಷದ ಜುಲೈ.

"ಪಾಸಾ?" ಎಂದ ಓಡೆಲ್, ಎಲ್ಲರಿಗೂ ಕೇಳುವಂತೆ.

"ಪಾಸು," ಎಂದಳು, ಕಾರಿನ ಚಕ್ರ ನೋಡುತ್ತ.

ಟ್ರ್ಯಾಕಿನ ದೀಪದ ಕಂಬಗಳು ಬಿರುಗಾಳಿಗೆ ಬಿದ್ದು ಎಂಟು ವರ್ಷವಾಗಿತ್ತು, ಎತ್ತಿ ನಿಲ್ಲಿಸುವ ಮನಸ್ಸು ಯಾರಿಗೂ ಬರದೆ ರೇಸು ಈಗ ಮಧ್ಯಾಹ್ನವೇ ನಡೆಯುತ್ತಿತ್ತು. ಬಿಸಿಲು ಚೆನ್ನಾಗಿತ್ತು. ಬೇಯಿಸಿದ ಕಡಲೆಕಾಯಿ ಮಾರುವವನು ಪಿಟ್ಟಿನಿಂದ ಇನ್ನೂರು ಹೆಜ್ಜೆ ಆಚೆ, ಅವನಿಗೆಂದೇ ಎಳೆದ ಸುಣ್ಣದ ಗೆರೆಯ ಹಿಂದೆ ನಿಂತಿದ್ದ. ಪಾಸ್ಟರ್ ಪ್ರಾರ್ಥನೆ ಮುಗಿಸಿ, ಅದೇ ಉಸಿರಿನಲ್ಲಿ "ಗಾಡಿ ಬಿಡ್ರಪ್ಪಾ!" ಎಂದು ಕೂಗಿದರು.

ಮೂವತ್ತೊಂದನೆಯ ಸುತ್ತಿನಲ್ಲಿ ಓಡೆಲ್ ಎರಡನೆಯವನಾಗಿದ್ದ. ಟಿಂಕ್ ಬೇಲಿಯ ಹತ್ತಿರ ಕುಣಿಯುತ್ತಿದ್ದ. "ಅಕ್ಕ, ಇವತ್ತು ಐದನೇದು! ಕರೀ ಬೆಲ್ಟು ಕೈ ಹಿಡೀತು!" ಮೂರನೇ ತಿರುವಿನಲ್ಲಿ ಮುಂದಿನ ಕಾರು, ಧೂಳೇಳದಿರಲೆಂದು ನೀರು ಹಾಕಿದ್ದ ಕೆಸರಿಗೆ ಜಾರಿ ಅಡ್ಡ ತಿರುಗಿತು. ಓಡೆಲ್‌ನ ಬಲಚಕ್ರ ಅದರ ಮೇಲೆ ಹತ್ತಿತು. ಹದಿನಾಲ್ಕನೇ ನಂಬರು ಗೋಡೆಗೆ ಹೆಗಲು ಕೊಟ್ಟು, ಒಂದು ಸಲ ಪಲ್ಟಿ, ಎರಡು ಸಲ, ಮೂರನೆಯದಕ್ಕೆ ಸ್ವಲ್ಪ ಯೋಚಿಸಿ, ಧಡ್ಡೆಂದು ನಾಲ್ಕೂ ಚಕ್ರದ ಮೇಲೆ ಬಂದು ನಿಂತಿತು.

ಜನವೆಲ್ಲ ಎದ್ದು ನಿಂತರು. ಎಲ್ಲರ ಕಣ್ಣೂ ಬಲೆಯ ಮೇಲೆ.

ಬಲೆ ಇಳಿಯಲಿಲ್ಲ.

ಎರಡು ಸಾವಿರ ಜನರಿದ್ದ ಜಾಗದಲ್ಲಿ ಕಡಲೆಕಾಯಿಯ ಹಂಡೆ ಕುದಿಯುವ ಸದ್ದು ಕೇಳಿಸಿತು. "ಕರ್ತನೇ," ಎಂದು ಪಾಸ್ಟರ್ ಧ್ವನಿವರ್ಧಕದಲ್ಲಿ ಮೆಲ್ಲಗೆ ಶುರು ಮಾಡಿದರು, "ನಿನ್ನ ದಾಸ ಓಡೆಲ್ ತಪ್ಪುಗಳನ್ನು ಮಾಡಿದ್ದಾನೆ, ಅವುಗಳಲ್ಲಿ ಕೆಲವು ನನಗೂ ಗೊತ್ತು..."

ಅಪಘಾತವಾದಾಗ ಅಂಬುಲೆನ್ಸಿನವರ ಹೊರತು ಯಾರೂ ಟ್ರ್ಯಾಕಿಗೆ ಇಳಿಯಬಾರದೆಂದು ನಿಯಮ ಬರೆದವಳೇ ನೆಲ್ಡಾ. ಬೇಲಿ ಹಾರಿದ್ದು ಅವಳಿಗೆ ಆಮೇಲೂ ನೆನಪಿರಲಿಲ್ಲ. ಅರವತ್ತೊಂದರ ಹೆಂಗಸು, ಕೊರಳಲ್ಲಿ ಭೂತಗನ್ನಡಿ ಕುಣಿಯುತ್ತ, ಕೆಂಪು ಕೆಸರಿನಲ್ಲಿ ಅಂಬುಲೆನ್ಸಿಗಿಂತ ಮುಂದೆ ಓಡಿದಳು. ಕಿಟಕಿಯ ಬಲೆಗೆ ಎರಡೂ ಕೈ ಹಾಕಿ ಕೂಗಿದಳು.

"ಓಡೆಲ್! ಓಡೆಲ್! ಉಸಿರಾಡ್ತಿದೀಯೇನೋ?"

ಒಳಗಿನಿಂದ ತಣ್ಣನೆಯ ದನಿ ಬಂತು. "ನೆಲ್ಡಾ, ಇದು ಯಾವ ಬಣ್ಣ?"

ಅವಳು ಬಲೆಯ ಸಂದಿನಿಂದ ನೋಡಿದಳು. ಬೆಲ್ಟು ಜಗ್ಗಿದ ರಭಸಕ್ಕೆ ಟಾಕು ಹೊಲಿಗೆ ಹೆಗಲಿನಿಂದ ಸೊಂಟದವರೆಗೆ ಬಾಯಿ ಬಿಟ್ಟಿತ್ತು. ಓಡೆಲ್ ಸೀಟಿನಲ್ಲಿ ನೆಟ್ಟಗೆ ಕೂತು, ತನ್ನ ಎದೆಯ ಮೇಲೆ ಹೊಳೆಯುತ್ತಿದ್ದ ಗಿಳಿಹಸಿರನ್ನೇ ದಿಟ್ಟಿಸುತ್ತಿದ್ದ.

"ಕೈಕಾಲು ಆಡ್ತಿವೆಯಾ?"

"ಎಲ್ಲಾ ಆಡ್ತಿವೆ. ಬಣ್ಣ ಯಾವ್ದು ಅಂದೆ."

"ಕುತ್ತಿಗೆ?"

"ಕಣ್ಣಂತೂ ಆಡ್ತಿದೆ, ಅದಕ್ಕೇ ಕೇಳ್ತಿರೋದು."

"ಹಂಗಾದ್ರೆ ಬಲೆ ಯಾಕೋ ಇಳಿಸ್ಲಿಲ್ಲ, ಕತ್ತೆ?"

"ಬಲೆ ಇಳಿಸೋದು ಎಲ್ಲಾ ಸರಿಯಿದೆ ಅನ್ನೋಕೆ. ಇಲ್ಲಿ ಎಲ್ಲಾ ಸರಿಯಿಲ್ಲ. ಕಟ್ಕೊಂಡ ಹೆಂಡ್ತಿ ನನ್ನ ಹಸಿರಲ್ಲಿ ಕೂರಿಸಿ ಕಳ್ಸಿದಾಳೆ. ನೋಡ್ದ್ಯಾ ಏನಾಯ್ತು? ಮೊದಲನೇ ದಿನಾನೇ ಮೂರು ಪಲ್ಟಿ! ನಾನ್ ಹೇಳಿರ್ಲಿಲ್ವಾ?"

"ಎರಡೇ ಪಲ್ಟಿ."

"ಎರಡೂವರೆ!"

ಅಷ್ಟರಲ್ಲಿ ಅಂಬುಲೆನ್ಸಿನ ಇಬ್ಬರು ಬಂದು ನಿಂತಿದ್ದರು. ಗಂಡ ಹೆಂಡಿರ ಮಾತಿನ ಮಧ್ಯೆ ಬಾಯಿ ಹಾಕುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧ್ವನಿವರ್ಧಕದಲ್ಲಿ ಪಾಸ್ಟರ್ ಓಡೆಲ್‌ನ ತಪ್ಪುಗಳನ್ನು ಒಂದೊಂದಾಗಿ ನೆನೆದು ಕ್ಷಮೆ ಕೇಳುತ್ತಿದ್ದರು.

"ಮತ್ತೆ ಮೇಲೆ ಕರೀದು ಹೊಲಿದಿದೀಯಲ್ಲ," ಎಂದ ಓಡೆಲ್, "ಅದೆಲ್ಲಿದು?"

ನೆಲ್ಡಾಳಿಗೆ ಇನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ. "ಮಾಸ್ಲಿಯವರ ಹೆಣದ ಕಾರಿನ ಪರದೆ."

ಓಡೆಲ್ ಹರಿದು ಜೋತುಬಿದ್ದ ಕಪ್ಪು ಚಿಂದಿಯನ್ನು ನೋಡಿದ. ಅದರಡಿಯ ಹಸಿರನ್ನು ನೋಡಿದ.

"ನೋಡ್ಕೊ," ಎಂದಳು ನೆಲ್ಡಾ. "ಕರೀದು ಹರೀತು. ಹಸಿರು ಹಿಡ್ಕೊಳ್ತು. ಇನ್ನೂ ಏನಾದ್ರೂ ಕೇಳೋದಿದ್ರೆ ಬಲೆ ಇಳಿಸಿ ಕೇಳು."

"ಸ್ವಲ್ಪ ತಡಿ, ಯೋಚ್ನೆ ಮಾಡ್ತಿದೀನಿ."

ಆಗ ಅವಳ ಕಟ್ಟೆ ಒಡೆಯಿತು. ಬೈಯಲು ಬಾಯಿ ತೆರೆದಳು, ಬಂದದ್ದು ಅಳು.

"ಇದೇ ತಿರುವು ಕಣೋ ಓಡೆಲ್. ಅವತ್ತೂ ಬೇಲಿ ಹಿಡ್ಕೊಂಡು ನಿಂತಿದ್ದೆ. ಈಗ ಇಳೀತದೆ, ಈಗ ಇಳೀತದೆ ಅಂತ. ಗಾರ್ಲೆಂಡಂದು ಇಳೀಲೇ ಇಲ್ಲ. ಮೂವತ್ನಾಲ್ಕು ವರ್ಷದಿಂದ ಅಲ್ಲೇ ನಿಂತಿದೀನಿ ನಾನು. ನನ್ನ ಮೇಲೆ ಸಿಟ್ಟಿದ್ರೆ ಮನೇಲಿ ಬೈಯಿ, ಹೊಡಿ, ವರ್ಷಾನುಗಟ್ಲೆ ಮಾತು ಬಿಡು. ಬಲೆ ಇಳಿಸೋ. ಬಲೆ ಇಳಿಸು."

ಓಡೆಲ್ ಅವಳನ್ನು ನೋಡಿದ. ಶಾಲೆಯ ಬಸ್ಸಿನಲ್ಲಿ ಮಗುವೊಂದು ಬಿದ್ದರೆ ಹೇಗೆ ನೋಡುತ್ತಿದ್ದನೋ ಹಾಗೆ, ಬಣ್ಣ ಶಕುನ ಎಲ್ಲ ಮರೆತು. ಅವನ ಕೆಸರುಗೈ ಮೇಲಕ್ಕೆ ಬಂತು, ಕೊಕ್ಕೆ ಹುಡುಕಿತು, ಎಳೆಯಿತು. ಬಲೆ ಮಡಿಸಿಕೊಂಡು ಕೆಳಗೆ ಬಿತ್ತು.

ಎದ್ದ ಕೂಗಿಗೆ ಪಾಸ್ಟರ್ ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟರು. ಓಡೆಲ್‌ನ ಉಳಿದ ತಪ್ಪುಗಳು ಇಂದಿಗೂ ಕ್ಷಮೆ ಇಲ್ಲದೆ ಹಾಗೇ ಉಳಿದಿವೆ.

ಮುಂದಿನ ಭಾನುವಾರ ನೆಲ್ಡಾ ಚರ್ಚಿನ ಅಂಗಳದಲ್ಲಿ ಎಲ್ಲರೆದುರು ನಿಂತು, ತಾನು ಮೋಸ ಮಾಡಿದ್ದೇನೆ, ಇನ್ನು ಆ ಸ್ಟೂಲಿನಲ್ಲಿ ಕೂರುವ ಅರ್ಹತೆ ತನಗಿಲ್ಲ ಎಂದಳು. ಟಿಂಕ್ ಮುಂದೆ ಬಂದ.

"ಅದೆಲ್ಲಾ ಇರ್ಲಿ ನೆಲ್ಡಕ್ಕ. ಆ ಹಸಿರು ಬೆಲ್ಟು ಎಲ್ಲಿ ಸಿಗುತ್ತೆ?"

"ಬಣ್ಣ ಅಲ್ಲ ಕಣಪ್ಪಾ! ತಾರೀಖು! ಅವನನ್ನ ಉಳಿಸಿದ್ದು ತಾರೀಖು!"

"ಸರಿ ಅಕ್ಕ, ತಾರೀಖೇ. ಹಸಿರು ತಾರೀಖು ಎಲ್ಲಿ ಸಿಗುತ್ತೆ?"

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಚಳಿಗಾಲ ಮುಗಿಯುವುದರೊಳಗೆ ಹದಿನೇಳರಲ್ಲಿ ಹನ್ನೊಂದು ಜನ ಹಸಿರು ತರಿಸಿದರು. ಇಬ್ಬರು ಮಾಸ್ಲಿಯವರ ಹತ್ತಿರ ಹೋಗಿ ಪರದೆ ಬಟ್ಟೆಯೂ ಉಳಿದಿದೆಯೇ ಎಂದು ವಿಚಾರಿಸಿದರಂತೆ. ಓಡೆಲ್ ಅಂತೂ ಅಪಘಾತದ ಆ ಬೆಲ್ಟನ್ನೇ ಮತ್ತೆ ಕಟ್ಟಿಕೊಳ್ಳುತ್ತೇನೆ, ಅದರಲ್ಲಿ ಪುಣ್ಯವಿದೆ ಎಂದು ಹಟ ಹಿಡಿದ. ಒಮ್ಮೆ ಜಗ್ಗಿದ ಬೆಲ್ಟು ಎರಡನೆಯ ಸಲ ಹಿಡಿಯುವುದಿಲ್ಲ. ನೆಲ್ಡಾ ಅವನ ಕಣ್ಣೆದುರೇ ಕತ್ತರಿ ಹಾಕಿದಳು, ಕಚಕ್, ಐದು ಪಟ್ಟಿಗೆ ಐದು ಸಲ. ಅವನು ಎರಡು ದಿನ ಮಾತು ಬಿಟ್ಟ. ಜಗಲಿಯ ಹಸಿರು ಕುರ್ಚಿಯನ್ನು ಮಾತ್ರ ಈಗ ಅವನೇ ಶನಿವಾರ ರಸ್ತೆಯ ಕಡೆಗೆ ತಿರುಗಿಸಿಡುತ್ತಾನೆ.

ಐದನೆಯ ಗೆಲುವು ಇನ್ನೂ ಬಂದಿಲ್ಲ. ಇನ್ನೊಂದು ವಿಷಯವನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಆ ದಿನದಿಂದ ಓಡೆಲ್‌ನ ಕಾರು ಎಲ್ಲಿ ನಿಂತರೂ, ಪಿಟ್ಟಿನಲ್ಲಾಗಲಿ ಗ್ಯಾರೇಜಿನಲ್ಲಾಗಲಿ, ಇಂಜಿನ್ನು ಆರಿಸುವ ಮೊದಲು ಅವನು ಬಲೆ ಇಳಿಸುತ್ತಾನೆ. ದಿನಸಿ ತರಲು ಹೋಗುವ ಹಳೇ ಪಿಕಪ್ಪಿಗೆ ಬಲೆಯಿಲ್ಲ. ಅದರಲ್ಲಿ ಮನೆಗೆ ಬಂದಾಗ ಕಿಟಕಿಯ ಗಾಜು ಇಳಿಸುತ್ತಾನೆ, ಪೂರ್ತಿ ತಳದವರೆಗೆ, ಜನವರಿಯ ಹಿಮ ಬೀಳುತ್ತಿದ್ದರೂ.

ಅಡಿಗೆಮನೆಯ ಕಿಟಕಿಯಿಂದ ನೆಲ್ಡಾ ಅದನ್ನು ನೋಡುತ್ತಾಳೆ. "ಮೂರ್ಖ, ಸೀಟೆಲ್ಲಾ ಒದ್ದೆ ಮಾಡ್ತಾನೆ, ಹೊದಿಕೆ ಹೊಲಿಯೋಳು ನಾನು," ಎಂದು ಗೊಣಗಿಕೊಂಡು, ಒಲೆಯ ಮೇಲೆ ಕಾಫಿಗಿಡುತ್ತಾಳೆ. ಗಾಜು ಇಳಿಯುವವರೆಗೆ ಇಡುವುದಿಲ್ಲ.